ಶಾಫ್ಟಿಗೆ ಸುತ್ತಿದ ಖಣ

ಆ ದಿನ ಬೆಳಗ್ಗೆ ಕಪ್ಪತಗುಡ್ಡದ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ರಾತ್ರಿ ನಾಲ್ಕು ಹನಿ ಬಿದ್ದಿರಬೇಕು. ಬೆಟಗೇರಿಯ ಓಣಿಯ ಧೂಳು ಅಡಗಿ, ಬೇವಿನ ಹೂವಿನ ಘಮ ವರ್ಕ್‌ಶಾಪಿನ ಎಣ್ಣೆ ವಾಸನೆಯನ್ನೂ ದಾಟಿ ಒಳಗೆ ಬಂದಿತ್ತು. ನಾಗರತ್ನಾ ಕಬ್ಬಿಣ ಕಡೆಯುವ ಲೇಥಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಕೈಮುಗಿದು ತಿರುಗಿದಳು.

ಬಾಗಿಲಲ್ಲಿ ಕಳಕೇಶ ನಿಂತಿದ್ದ. ಹೆಗಲ ಮೇಲೆ ಗೋಣಿಚೀಲ ಸುತ್ತಿದ ಉದ್ದನೆಯ ಭಾರ.

ಉದ್ದ ನೋಡಿದೊಡನೆ ಅವಳಿಗೆ ಗುರುತಾಯಿತು. ಅದೇ ಶಾಫ್ಟು!

ಕಳೆದ ಶ್ರಾವಣದ ಮಾತು. ಅಪ್ಪ ಪುಂಡಲೀಕಪ್ಪನ ಕೈ ನಡುಗತೊಡಗಿ, ಲೇಥು ಮಗಳ ಪಾಲಿಗೆ ಬಂದಿತ್ತು. ಗಿರಾಕಿಗಳು ಬರುತ್ತಿದ್ದರು, ಅವಳನ್ನು ಕಾಣುತ್ತಿದ್ದರು, "ಅಪ್ಪ ಆರಾಮಾಗ್ಲಿ, ಬರತೀವಿ" ಎಂದು ತಿರುಗುತ್ತಿದ್ದರು. ತಿರುಗದೆ ನಿಂತವನು ಬೆಳ್ಳಟ್ಟಿಯ ಹಿಟ್ಟಿನ ಗಿರಣಿಯ ಕಳಕೇಶನೊಬ್ಬನೇ. ಗಿರಣಿಯ ಕಲ್ಲು ತಿರುಗಿಸುವ ಅವನ ಶಾಫ್ಟು ಬೇರಿಂಗು ಕೂಡುವ ಜಾಗದಲ್ಲಿ ಸವೆದು ಹೋಗಿತ್ತು. ಗುಜರಿಗೆ ಹಾಕು ಎಂದಿದ್ದರು ಉಳಿದವರೆಲ್ಲ.

"ಮಾರಿ ನೋಡಿ ಕೆಲಸ ಕೊಡಬ್ಯಾಡ್ರಿ," ಎಂದಿದ್ದಳು ನಾಗರತ್ನಾ, ಅವನ ಕಣ್ಣು ತನ್ನ ಮುಖದಲ್ಲಿ, ಮೂಗುತಿಯ ಮೇಲೆ ನಿಂತದ್ದನ್ನು ಕಂಡು.

"ಇಲ್ರಿ. ಮೊದಲ ಕೆಲಸ ಗಟ್ಟಿ ನಿಲ್ಲಲಿ. ಮಾರಿ ಮಾತು ಆಮ್ಯಾಲೆ," ಎಂದು ನಕ್ಕಿದ್ದ.

ಸವೆದಲ್ಲಿ ವೆಲ್ಡಿಂಗಿನಿಂದ ಮೈ ತುಂಬಿಸಿ, ಲೇಥಿನಲ್ಲಿ ತಿರುವಿ, ಕನ್ನಡಿಯಂತೆ ಮಾಡಿದ್ದಳು. ಆ ಹೊಳಪಿಗೆ ಗೀರು ಬೀಳಬಾರದೆಂದು, ಸಂದೂಕಿನಲ್ಲಿದ್ದ ತನ್ನ ಹೊಸ ಖಣವನ್ನೇ ತಂದು ಸುತ್ತಿದ್ದಳು. ಇನ್ನೂ ಕುಬಸ ಹೊಲಿಸದ ಹಸಿರು ಖಣ. "ವಾಪಸ್ ತಂದ್ಕೊಡ್ರಿ ಮತ್ತ," ಎಂದಿದ್ದಳು.

ಹೋದವನು ಹೋದ. ಸುಗ್ಗಿ ಬಂತು, ಮುಗಿಯಿತು. ಖಣವೂ ಇಲ್ಲ, ಖಬರೂ ಇಲ್ಲ. ಅವಳು ಬಾಗಿಲ ಕಡೆ ನೋಡುವುದನ್ನು ಬಿಟ್ಟಿದ್ದಳು. ಕಿವಿ ಮಾತ್ರ ಬಿಟ್ಟಿರಲಿಲ್ಲ.

ಈಗ ಬಂದಿದ್ದಾನೆ. ಶಾಫ್ಟು ಸೋತಿದ್ದರೆ ಇದ್ದೊಬ್ಬ ಗಿರಾಕಿಯ ನಂಬಿಕೆಯೂ ಹೋಗಿ, ಲೇಥು ಮಾರುವುದೊಂದೇ ದಾರಿ. ಅಪ್ಪ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

"ಏನಾತ್ರಿ? ಬಿರುಕು ಬಿಟ್ಟೈತೇನು?"

"ನೀವ ನೋಡ್ರಿ," ಎಂದ. ಮುಖದಲ್ಲಿ ಏನನ್ನೂ ಬಿಟ್ಟುಕೊಡಲಿಲ್ಲ, ಮಳ್ಳ!

ಅವಳು ಶಾಫ್ಟು ತೊಳೆದು, ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಕಡ್ಡಿ ತಿಕ್ಕಿದಳು. ಒಳಗೆಲ್ಲಾದರೂ ಬಿರುಕಿದ್ದರೆ, ಅಲ್ಲಿ ಅಡಗಿದ ಎಣ್ಣೆ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಮೂಲೆಯಲ್ಲಿ ಕೂತಿದ್ದ ಅಪ್ಪನೂ ಎದ್ದು ಬಂದ; ಮೂವರೂ ಬಾಗಿ ಕಾದರು. ಹೊರಗೆ ಮಗ್ಗದ ಸದ್ದು ಲಟಕ್ ಪಟಕ್ ಎನ್ನುತ್ತಿತ್ತು. ಶಿವಾ, ಎಂದಳು ಮನಸ್ಸಿನಲ್ಲೇ.

ಬಿಳಿ ಬಿಳಿಯಾಗಿಯೇ ಉಳಿಯಿತು.

ಮೈಕ್ರೋಮೀಟರು ಹಿಡಿದಳು. ಕೂದಲೆಳೆಯಷ್ಟೂ ಸವೆದಿಲ್ಲ. ಪುಂಡಲೀಕಪ್ಪ ನಡುಗುವ ಬೆರಳಿನ ಉಗುರನ್ನು ಶಾಫ್ಟಿನ ಮೈಮೇಲೆ ಮೆಲ್ಲಗೆ ಎಳೆದು ನೋಡಿದ. "ಎಲ್ಲೂ ಎಡವಲಿಲ್ಲಲೇ ನಾಗೂ! ನನ್ನ ಕೈಯಾಗೂ ಇಂಥಾದ್ದು ಬಂದಿಲ್ಲ."

"ಆರಾಮ ಐತಲ್ರೀ ಇದು!" ನಾಗರತ್ನಾಳ ದನಿ ಏರಿತು. "ಛಲೋ ಗಿರಣಿ ಬಿಚ್ಚಿ ಯಾಕ ತಂದ್ರಿ?"

"ಸುಗ್ಗಿ ತುಂಬ ಹಗಲೂ ರಾತ್ರಿ ತಿರುಗೇತಿ. ನಾ ಬಾಯಿಲೆ ಹೇಳಿದ್ರ ನೀವು ನಂಬತಿದ್ರೇನು?" ಎಂದ ಕಳಕೇಶ. "ಖಾರದ ಗಿರಣಿ ಫಕ್ಕೀರಪ್ಪನೂ ತನ್ನ ಶಾಫ್ಟ್ ಕಳಿಸ್ಯಾನ, ಆಟೋದಾಗ ಐತಿ. ಅಪ್ಪಗಲ್ಲ, ಮಗಳ ಕೈಯಾಗ ಕೊಡು ಅಂದಾನ."

ಪುಂಡಲೀಕಪ್ಪ ಆ ನಡುಗುವ ಕೈಯಿಂದಲೇ ಮೀಸೆ ತಿರುವಿದ.

"ಅದಿರ್ಲಿ. ನನ್ನ ಖಣ?"

ಕಳಕೇಶನ ಕಿವಿ ಕೆಂಪಾದವು. "ಹೆಣ್ಮಗಳಿಗೆ ಬರೇ ಖಣ ಕೊಡಬಾರ್ದು ಅಂತಾಳ ನಮ್ಮವ್ವ. ಉಡಿ ತುಂಬಿ ಕೊಟ್ರ ಕನ್ಯಾ ಕೇಳಿದ್ಹಂಗ. ಆವಾಗ ಕೇಳಿದ್ರ, ಮಾರಿ ನೋಡಿ ಬಂದ ಅಂತಿದ್ರಿ. ಅದಕ್ಕ ನಿಮ್ಮ ಕೆಲಸ ಗೆಲ್ಲೂತನಕ ಕಾದೆ."

ಅವಳು ಸುಣ್ಣದ ಕಡ್ಡಿಯನ್ನು ಬೆರಳಲ್ಲೇ ಪುಡಿ ಮಾಡಿದಳು. "ಗೆರಿ ಮೂಡಿದ್ರ?"

"ಮತ್ತ ನಿಮ್ಮ ಕಡೇನ ರಿಪೇರಿ. ಇನ್ನೊಂದ್ ಸುಗ್ಗಿ ಕಾಯತಿದ್ದೆ."

ಅವಳು ತಲೆ ಎತ್ತಲಿಲ್ಲ. ಆದರೆ ಮೂಗುತಿ ನಕ್ಕಿದ್ದು ಅವನಿಗೆ ಕಂಡಿತು.

"ಅವ್ವ ಆಟೋದಾಗ ಕುಂತಾಳ. ಕರೀಲೇನು?"

ಅಪ್ಪನನ್ನು ನೋಡಿದಳು. ಅಪ್ಪನಿಗೆ ಇದ್ದಕ್ಕಿದ್ದಂತೆ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಭಾರೀ ಆಸಕ್ತಿ ಹುಟ್ಟಿತ್ತು.

"ಹಿರ್ಯಾರನ್ನ ಹೊರಗ ಕುಂಡ್ರಸ್ತಾರೇನ್ರಿ?" ಎಂದಳು ನಾಗರತ್ನಾ. "ಜಲ್ದಿ ಕರೀರಿ!"

ಕಳಕೇಶನ ಅವ್ವ ಅಮೃತವ್ವ ಒಳಗೆ ಬಂದಾಗ ನಾಗರತ್ನಾ ಕಪ್ಪು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಕೈಯೆಲ್ಲಾ ಎಣ್ಣಿ ಆಗೈತಿ ಅತ್ತಿ, ತೊಳ್ಕೊಂಡ್..." ಎಂದವಳು, ಬಾಯಿಂದ ಜಾರಿದ ಆ 'ಅತ್ತಿ' ಎಂಬ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡಳು.

"ಇರ್ಲಿ ಬಿಡ ತಂಗಿ. ಈ ಎಣ್ಣಿ ಕೈಯಿಂದನ ನಮ್ಮ ಗಿರಣಿ ತಿರಗತೈತಿ. ಉಡಿ ಒಡ್ಡು."

ನಾಗರತ್ನಾ ಓಢಣಿ ಒಡ್ಡಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲಿ ಅಡಿಕಿ. ಕೊನೆಗೆ ಅಮೃತವ್ವ ಒಗೆದು ಮಡಿಸಿದ ಹಸಿರು ಖಣವನ್ನು ತೆಗೆದು ಎಲ್ಲದರ ಮೇಲಿಟ್ಟಳು. ಅದರ ಒಂದು ಮೂಲೆಯಲ್ಲಿ ಶಾಫ್ಟಿನ ಎಣ್ಣೆಯ ಕಲೆ ಹಾಗೇ ಉಳಿದಿತ್ತು.