ಸಾಲು ಹಿಡಿದ ಕಳೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನಗಂತೂ ಆ ಹಿತ್ತಿಲಿನ ಸಹವಾಸ ಸಾಕುಸಾಕಾಗಿ ಹೋಗಿದೆ. ಬಾಡಿಗೆಗೆ ಬಂದ ಮನೆ, ಹಿಂದೆ ಸೊಂಟದೆತ್ತರ ಕಳೆ. ಖರ್ಚಿಲ್ಲದೆ ತೋಟ ಮಾಡೋಣ ಅಂತ ಅಕ್ಕನ ಮನೆಯಿಂದ ಟೊಮೆಟೊ ಸಸಿ ತಂದೆ, ಒಡೆದ ಇಟ್ಟಿಗೆ ಆಯ್ದು ಪಾತಿ ಕಟ್ಟಿದೆ. ಸೊಂಟ ಬಿದ್ದುಹೋಗುವಷ್ಟು ಕಳೆ ಕಿತ್ತು, ಮತ್ತೆ ಚಿಗುರಬಾರದು ಅಂತ ಬೇರು ಮೇಲೆ ಮಾಡಿ ಗುಡ್ಡೆ ಹಾಕಿ, ಪಾತಿಯಲ್ಲಿ ಸಸಿ ನೆಟ್ಟೆ.

ಬೆಳಿಗ್ಗೆ ನೋಡಿದರೆ ಕಳೆಯೆಲ್ಲ ಪಾತಿಯಲ್ಲಿ ಸಾಲಾಗಿ ನಿಂತಿದೆ, ಬುಡಕ್ಕೆ ನೀರೂ ಬಿದ್ದಿದೆ. ನನ್ನ ಸಸಿಗಳು ಗುಡ್ಡೆಯಲ್ಲಿ, ಬೇರು ಮೇಲೆ!

"ಹೆಗ್ಗಣದ ಕೆಲಸ ಬಿಡೇ," ಅಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ಹೆಗ್ಗಣ ಸಾಲು ಹಿಡಿದು ನೆಟ್ಟು ನೀರು ಹಾಕುತ್ತೇನ್ರೀ?"

ಮತ್ತೆ ಕಿತ್ತೆ, ಮತ್ತೆ ನೆಟ್ಟೆ. ಮತ್ತೆ ಅದೇ ಹಾಡು. ಬೆಳಗಿನ ಚಳಿಯಲ್ಲೂ ಆ ಪಾತಿಯ ಮಣ್ಣು ಬೆಚ್ಚಗಿರುತ್ತಿತ್ತು, ಈಗಷ್ಟೇ ಯಾರೋ ಅಂಗೈ ತೆಗೆದ ಹಾಗೆ. ನಾನು ಒಳಗೆ ಪಾತ್ರೆ ತೊಳೆಯುವಾಗ ಹಿತ್ತಿಲಲ್ಲಿ ಕರಕರ ಮಣ್ಣು ಕೆರೆಯುವ ಸದ್ದು. ನಲ್ಲಿ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು.

ಕೊನೆಗೊಂದು ಸಂಜೆ ತಲೆಕೆಟ್ಟು, ಹಿತ್ತಿಲ ಬಾಗಿಲಲ್ಲಿ ನಿಂತು ಕಿರುಚಿದೆ: "ನನ್ನ ಸಸಿ ನನಗೆ ಕೊಟ್ಟುಬಿಡು, ನಿನ್ನ ಕಳೆ ನೀನೇ ಇಟ್ಟುಕೊಂಡು ಸಾಯಿ!"

ಮರುದಿನ ಸಸಿಗಳು ಅಡುಗೆಮನೆಯ ಹೊಸ್ತಿಲ ಮೇಲಿದ್ದವು. ಒಂದೂ ಬಾಡಿರಲಿಲ್ಲ. ಅಕ್ಕ ಕೊಡುವಾಗ ಮಾಡಿದ್ದ ಹಾಗೇ ಬೇರಿಗೆ ಒದ್ದೆ ಬಟ್ಟೆ ಸುತ್ತಿತ್ತು. ಬಿಚ್ಚಿ ನೋಡಿದೆ: ನನ್ನ ದಿಂಬಿನ ಕವರಿನ ಅರ್ಧ.

ರಾತ್ರಿಯೆಲ್ಲ ನಾನು ಅದರ ಮೇಲೇ ತಲೆಯಿಟ್ಟು ಮಲಗಿದ್ದೆ.