ಚಿನ್ನದ ರೇಕಿನ ಅಂಬು

ಮಹಾನವಮಿಯ ಆ ಮುಂಜಾನೆ ಹೊನ್ನಗಿರಿಯ ವೈಭವವನ್ನು ಏನೆಂದು ಹೇಳೋಣ! ಕೋಟೆಯ ಬಾಗಿಲುಗಳಿಗೆಲ್ಲ ಮಾವಿನ ತೋರಣ, ರಾಜಬೀದಿಗೆ ಪನ್ನೀರಿನ ಚಿಮುಕು, ಪಟ್ಟದಾನೆಯ ಹಣೆಗೆ ಸಿಂಧೂರ. ನಗಾರಿಯ ಸದ್ದಿಗೆ ಗೋಪುರದ ಪಾರಿವಾಳಗಳೆಲ್ಲ ಮುಗಿಲಿಗೆದ್ದಿದ್ದವು. ಆದರೆ ಅರಮನೆಯ ಅಂಗಳದಲ್ಲಿ ನೆರೆದ ಮಂತ್ರಿ ಸಾಮಂತರಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು.

ಎಲ್ಲರಿಗೂ ಒಟ್ಟಾಗಿ ಆಗದವನೆಂದರೆ ಶರಾಗಾರದ ಅಧಿಪತಿ ಕೇತಮಲ್ಲ. ರಾಜ್ಯದ ಪ್ರತಿಯೊಂದು ಅಂಬೂ ಅವನ ಕೈದಾಟಿಯೇ ಬತ್ತಳಿಕೆ ಸೇರಬೇಕು. ಅಂಬನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಬಗ್ಗಿಸುವನು. ಒಳಗೆ ಚಿಟಕ್ಕೆಂದರೆ ಅಲ್ಲೇ ಮುರಿದೆಸೆಯುವನು. ಬಿರುಕುಬಿಟ್ಟ ಅಂಬು ಹೆದೆ ಬಿಟ್ಟೊಡನೆ ಸೀಳಿ, ಬಿಲ್ಲು ಹಿಡಿದ ಕೈಯನ್ನೇ ಹೊಕ್ಕುಬಿಡುತ್ತದೆ. ಅವನ ಕೆಲಸ ಅಪ್ಪಟ, ಬಾಯಿ ಮಾತ್ರ ಕೆಂಡ. ಹೋದ ವರ್ಷ ತರುಣ ಅರಸ ನನ್ನಿದೇವನ ಮೆಚ್ಚಿನ ಅಂಬನ್ನು ರಾಯಭಾರಿಗಳೆದುರೇ ಮುರಿದು, "ಇದು ಮಕ್ಕಳಾಟಕ್ಕೆ ಸಾಕು" ಎಂದುಬಿಟ್ಟಿದ್ದ. ಅಂದಿನಿಂದ ಅರಸನಿಗೆ ಅವನ ಮುಖ ಕಂಡರೆ ಮೈಯುರಿ.

ಆ ದಿನ ಹಬ್ಬದ ಮೊದಲ ಅಂಬನ್ನು ಅರಸನೇ ಬಿಡಬೇಕು. ಅವನ ಚಿಕ್ಕಪ್ಪ, ದಂಡನಾಯಕ ಬೀಚರಸ, ಚಿನ್ನದ ರೇಕು ಹೊದಿಸಿದ ಅಂಬೊಂದನ್ನು ಬೆಳ್ಳಿಯ ಹರಿವಾಣದಲ್ಲಿ ತಂದ. ಅದು ಶರಾಗಾರದ್ದಲ್ಲ, ಬೀಚರಸನ ಸ್ವಂತ ಕಾಣಿಕೆ. ನಟ್ಟನಡುವೆ ಅರಗು ದಪ್ಪಗೆ ಮೆತ್ತಿದ್ದನ್ನು ಕಂಡೊಡನೆ, ಅದರಡಿ ಬಿರುಕು ಮುಚ್ಚಿದೆಯೆಂದು ಕೇತಮಲ್ಲನಿಗೆ ಹೊಳೆಯಿತು. ಅಂಗಹೀನನಿಗೆ ಹೊನ್ನಗಿರಿಯ ಸಿಂಹಾಸನವಿಲ್ಲ. ನನ್ನಿದೇವನ ಕೈ ಹೋದರೆ ಪಟ್ಟ ಚಿಕ್ಕಪ್ಪನಿಗೇ.

"ಮಹಾಪ್ರಭು, ಅದನ್ನು ಪರೀಕ್ಷಿಸದೆ ಮುಟ್ಟಕೂಡದು," ಎಂದ ಕೇತಮಲ್ಲ.

"ಮತ್ತೆ ಶುರುವಾಯಿತೇ ನಿಮ್ಮದು?" ಅರಸ ಹಲ್ಲು ಕಡಿದ. "ಇದನ್ನೂ ಮುರಿದು ಎಲ್ಲರೆದುರು ನನ್ನ ಮಾನ ಕಳೆಯಬೇಕೆಂದಿದ್ದೀರಾ?"

ಬೀಚರಸ ನಕ್ಕ. "ನಾನೇ ಬಗ್ಗಿಸಿ ತೋರಿಸುತ್ತೇನೆ. ಇವರ ಬಾಯಿಯಾದರೂ ಮುಚ್ಚಲಿ."

ಅವನು ಅಂಬನ್ನೆತ್ತಿಕೊಂಡ. ರಣರಂಗದಲ್ಲೇ ತಲೆ ನರೆಸಿಕೊಂಡ ಯೋಧ. ಮನಸ್ಸು ಕಪಟ ಹೂಡಿದರೂ ಮೈ ತನ್ನ ಅಭ್ಯಾಸ ಬಿಡಲಿಲ್ಲ. ತೋಳುಗಳನ್ನು ದೂರ ಚಾಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಗ್ಗಿಸಿದಂತೆ ಮಾಡಿದ. ಅಂಬು ಸದ್ದು ಮಾಡಲಿಲ್ಲ.

"ನೋಡಿದಿರಾ!" ಕೇತಮಲ್ಲ ಗುಡುಗಿದ. "ಗಟ್ಟಿ ಅಂಬನ್ನು ನಾವು ಕಿವಿಗೆ ಹಿಡಿಯುತ್ತೇವೆ. ಸಿಬಿರು ಕಣ್ಣಿಗೆ ಹಾರೀತೆಂದು ಮುಖ ತಿರುಗಿಸುವುದು ಒಡೆದದ್ದೆಂದು ಗೊತ್ತಿದ್ದರೆ ಮಾತ್ರ. ದಂಡನಾಯಕರೇ, ನಿಮಗೆ ಗೊತ್ತಾದದ್ದು ಹೇಗೆ?"

ಬೀಚರಸನ ಮುಖ ಕಪ್ಪಿಟ್ಟಿತು. ಸಾಮಂತರು ಮಾತ್ರ ಗೊಳ್ಳೆಂದು ನಕ್ಕರು. ಅರಸನೂ ನಕ್ಕು ಬಿಲ್ಲಿಗೆ ಕೈಚಾಚಿದ. ಥೂ, ದ್ವೇಷ ಕಿವಿಯನ್ನೂ ಕಿವುಡು ಮಾಡುತ್ತದಲ್ಲ ಎಂದು ಕೇತಮಲ್ಲನಿಗೆ ಅಳುವೇ ಬಂತು.

"ಹಾಗಾದರೆ ಶರಾಗಾರದ ಕಟ್ಟಳೆ ನಡೆಯಲಿ," ಎಂದು ಅವನು ಅಡ್ಡ ನಿಂತ. "ಸಂಶಯಪಟ್ಟವನೇ ಮೊದಲು ಹೂಡಿ ಬಿಡಬೇಕು. ಅಂಬು ಗಟ್ಟಿಯಿದ್ದರೆ ನನ್ನ ತಲೆ ತೆಗೆಸಿ."

"ಆಗಲಿ," ಎಂದ ಅರಸ. "ತಲೆ ಹೋದರೆ ನನಗೂ ನೆಮ್ಮದಿ."

ತಲೆ ಉಳಿಯಬೇಕಾದರೆ ಕೈ ಹೋಗಬೇಕು. ಅದು ಕೇತಮಲ್ಲನಿಗೆ ಚೆನ್ನಾಗಿ ಗೊತ್ತಿತ್ತು. ಮೆಲ್ಲಗೆ ಎಳೆದು ಬಿಟ್ಟರೆ ಅಂಬು ಸೀಳದೆ ಹೋದೀತು, ನಿಜ ಹೊರಬೀಳದು. ಅದಕ್ಕೇ ಹೆದೆಯನ್ನು ಕಿವಿಯವರೆಗೂ ಸೆಳೆದ. ಭಯವಾಯಿತು, ಆದರೂ ಬಿಟ್ಟೇಬಿಟ್ಟ.

ಛಟ್! ರೇಕು ಹರಿದು, ಬಿದಿರು ಸೀಳಿ, ಮೊನಚಾದ ಚೂರು ಅವನ ಎಡಗೈಯನ್ನು ತೂರಿ ಹೊರಬಂತು. ಬಾಗಿಲತ್ತ ಓಡಿದ ಬೀಚರಸನನ್ನು ಕಾವಲುಭಟರು ಕೆಡವಿ ಕಟ್ಟಿದರು. ನಗುತ್ತಿದ್ದ ಸಾಮಂತರು ತಲೆತಗ್ಗಿಸಿದರು.

ನನ್ನಿದೇವ ಓಡಿಬಂದು ರಕ್ತದಲ್ಲೇ ಮೊಣಕಾಲೂರಿದ. "ಕೇತಮಲ್ಲರೇ, ನಾನು ಪಾಪಿ. ಇದು ನನ್ನ ಕೈಯಾಗಬೇಕಿತ್ತು," ಎಂದು ಬಿಕ್ಕುತ್ತ ನೆಲದ ಮೇಲಿನ ಚೂರನ್ನೆತ್ತಲು ಹೋದ.

"ಬರಿಗೈ ಹಾಕಬೇಡಿ!" ನೋವಿನಲ್ಲೂ ಕೇತಮಲ್ಲ ಗದರಿದ. "ಎಷ್ಟು ಸಲ ಹೇಳಬೇಕು ನಿಮಗೆ? ಸಿಬಿರು ಚುಚ್ಚೀತು!"

ಸಾಮಂತರೆಲ್ಲ ಅರಸನ ಮುಖ ನೋಡಿದರು. ಹೊನ್ನಗಿರಿಯ ಅರಸ ಕಣ್ಣೊರೆಸಿಕೊಂಡು, ಹೇಳಿದಂತೆಯೇ ಕೈ ಹಿಂದೆಗೆದ.