ಎರಡನೇ ಬೀಗದಕೈ

"ಬಾಡಿಗೆಗೆ ಕೊಟ್ಮೇಲೆ ಎರಡೂ ಬೀಗದಕೈ ಅವರಿಗೇ ಕೊಟ್ಬಿಡಮ್ಮ. ಒಂದನ್ನ ನೀನಿಟ್ಕೋಬೇಡ."

ಮನೆ ಮಾರಿದ ಮುದುಕಿ ಹೀಗೆಂದಾಗ ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಸದಾಗಿ ಮನೆಯೊಡತಿಯಾದವಳು, ಬೆಳಿಗ್ಗೆಯಿಂದ ಮುದುಕಿಯ ತಲೆ ತಿಂದಿದ್ದಳು. ಕರಾರು ಎಷ್ಟು ತಿಂಗಳಿಗೆ? ನಲ್ಲಿ ಸೋರಿದರೆ ರಿಪೇರಿ ಯಾರದ್ದು? ಗೋಡೆಗೆ ಮೊಳೆ ಹೊಡೆಯಲು ಬಿಡಬೇಕೋ ಬೇಡವೋ? ಎಲ್ಲಕ್ಕೂ ಸಮಾಧಾನದಿಂದ ಉತ್ತರಿಸಿದ ಮುದುಕಿ ಕೆಳಮನೆಯ ಹೊಸ್ತಿಲ ಬಳಿ ಮಾತ್ರ ದನಿ ತಗ್ಗಿಸಿದಳು.

"ಇಲ್ಲಿ ಕೂದಲು ಸುತ್ತಿದ ಮೊಳೆ ಇದೆ, ನೋಡು. ಹಿಂದೆ ಬಾಡಿಗೆಗಿದ್ದವಳು ಮಾಡಿಸಿದ್ದು. ಅವಳಿಲ್ಲದಾಗ ನಮ್ಮ ಯಜಮಾನ್ರು ಬೀಗ ತೆಗೆದು ಒಳಗೆ ಹೋಗ್ತಿದ್ರು. ಈ ಮನೇಲಿರೋರು ಕರೀದೆ ಯಾರಾದ್ರೂ ಹೊಸ್ತಿಲು ದಾಟಿದ್ರೆ, ದಾಟಿದೋರದ್ದು ಒಂದೊಂದೇ ಮನೇಲಿರೋರ ಪಾಲಾಗುತ್ತೆ."

"ಯಜಮಾನ್ರದ್ದು ಏನು ಹೋಯ್ತು ಅಜ್ಜಿ?"

"ಎಲ್ಲಾ."

"ಸರಿಹೋಯ್ತು! ನನ್ನ ಮನೆಗೆ ನಾನು ಹೋಗೋಕೆ ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು?" ಎಂದು ಟೈಲರಮ್ಮ ಒಂದು ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮೇಲ್ಮನೆಯಲ್ಲಿ ಅವಳೂ ಐದು ವರ್ಷದ ಮಗಳು ಪುಟ್ಟಿಯೂ, ಇಬ್ಬರೇ. ಕೆಳಮನೆಗೆ ಒಬ್ಬ ನರ್ಸಮ್ಮ ಬಾಡಿಗೆಗೆ ಬಂದಳು. ಒಂಟಿ ಹೆಂಗಸು, ನಗುಮುಖ. ಸಂಜೆ ಡ್ಯೂಟಿ ಮುಗಿಸಿ ಬಂದವಳೇ ಬಾಗಿಲಲ್ಲಿ ನಿಂತು, "ಬಾರೇ ಚಿನ್ನ, ಒಳಗೆ ಬಾ" ಎಂದು ಕರೆಯುವಳು. ಪುಟ್ಟಿ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವಳು. ಅಮ್ಮ ಕರೆದರೆ ಮಾತ್ರ ಕಿವಿಯೇ ಕೇಳಿಸದು!

ಟೈಲರಮ್ಮನ ಹೊಟ್ಟೆ ಉರಿಯಿತು. ಹೆತ್ತವಳು ನಾನು, ಮನೆ ನನ್ನದು, ಮುದ್ದು ಮಾತ್ರ ಅವಳಿಗಾ? ಅಂಥದ್ದೇನಿದೆ ಅವಳ ಹತ್ತಿರ?

ಒಂದು ಮಧ್ಯಾಹ್ನ ನರ್ಸಮ್ಮ ಡ್ಯೂಟಿಗೆ ಹೋದ ಮೇಲೆ ಬೀಗ ತೆಗೆದು ಒಳಗೆ ಹೋದಳು. ಬೀರು ತೆರೆದಳು, ದಿಂಬು ಮೂಸಿದಳು. ಸೋಪು, ಡೆಟಾಲು, ಬಿಸಿಲಿಗೆ ಒಣಗಿದ ಬಟ್ಟೆ. ಎಲ್ಲೋ ಸುಟ್ಟ ಕೂದಲಿನ ಸಣ್ಣ ಕಮಟು. ಅಷ್ಟೇ.

ಮರುದಿನ ತಬ್ಬಿಕೊಂಡ ಪುಟ್ಟಿ ಮುಖ ಹಿಂದಕ್ಕೆಳೆದಳು. "ಅಮ್ಮಾ, ನಿನ್ನ ವಾಸನೆ ಎಲ್ಲೋಯ್ತು? ಅದೀಗ ಕೆಳಗಿನ ಆಂಟಿ ಹತ್ರ ಬರುತ್ತೆ."

ಬುದ್ಧಿಯಿದ್ದವಳಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅಸೂಯೆಗೆ ಬುದ್ಧಿ ಎಲ್ಲಿಂದ ಬರಬೇಕು? ನನ್ನ ಎಣ್ಣೆ, ನನ್ನ ಪೌಡರು ಕದ್ದಿದ್ದಾಳೆ ಅಂದುಕೊಂಡು ಹುಡುಕಲು ಮತ್ತೆ ಹೋದಳು. ಏನೂ ಸಿಗಲಿಲ್ಲ. ಹೊರಗೆ ಬಂದು ಪುಟ್ಟಿಯನ್ನು ಕರೆಯಲು ಬಾಯಿ ತೆರೆದರೆ ಉಸಿರಷ್ಟೇ ಬಂತು. ಸಂಜೆ ಕೆಳಗಿನಿಂದ ಜೋಗುಳ ಕೇಳಿಸಿತು. ಹಾಡುತ್ತಿದ್ದವಳು ನರ್ಸಮ್ಮ. ದನಿ ಮಾತ್ರ ತನ್ನದು.

ಆಗ ಹೆದರಿದಳು. ನಿಜವಾಗಿ ಹೆದರಿದಳು. ಬೆಳಗಾಗಿ ನರ್ಸಮ್ಮ ಅತ್ತ ಹೋಗುತ್ತಲೇ ಇಕ್ಕಳ ಹಿಡಿದು ಓಡಿದಳು. ಹೊರಗಿನಿಂದ ಎಳೆದರೆ ಹೊಸ್ತಿಲ ಮೊಳೆ ಅಲ್ಲಾಡಲಿಲ್ಲ. ಒಳಗಿನಿಂದ ಮೀಟಿದರೆ ಬಂದೀತು. ಒಂದು ಕಾಲು ಒಳಗೆ ಇಟ್ಟಳು. ಇನ್ನೊಂದು. ಕತ್ತಲು ಕವಿಯಿತು. ಕೂದಲು ಸುಟ್ಟ ನಾತ ಮೂಗು ಕಟ್ಟಿತು. ಇಕ್ಕಳ ಜಾರಿತು.

ಕಣ್ಣು ಬಿಟ್ಟಾಗ ಕೆಳಮನೆ ಬರಿದಾಗಿತ್ತು. ಮಂಚವಿಲ್ಲ, ಬೀರುವಿಲ್ಲ. ಗೋಡೆಯ ಕನ್ನಡಿಯಲ್ಲಿ ತನ್ನ ಬದಲು ಯಾರೋ ಅಪರಿಚಿತ ಹೆಂಗಸು.

ಮೇಲಕ್ಕೆ ಓಡಿದಳು. ಬಾಗಿಲು ಬಡಿದಳು. ಪುಟ್ಟಿ ತೆರೆದಳು, ನೋಡಿದಳು, ಒಳಗೆ ತಿರುಗಿ ಕೂಗಿದಳು. "ಅಮ್ಮಾ, ಯಾರೋ ಬಂದಿದ್ದಾರೆ."

ತನ್ನ ಸೀರೆ. ತನ್ನ ಮುಖ. ಆ ಕೊರಳಲ್ಲಿ ತನ್ನದೇ ಅಳತೆ ಟೇಪು. ಒಳಗಿನಿಂದ ಬಂದವಳು ನರ್ಸಮ್ಮನ ನಗು ನಕ್ಕಳು. "ಮನೆ ನೋಡೋಕೆ ಬಂದ್ರಾ? ಮಾತು ಬರಲ್ವಾ, ಪಾಪ. ಕೆಳಗಿನದು ಖಾಲಿ ಇದೆ, ಇವತ್ತಿಂದಲೇ ಇರಿ." ಎರಡೂ ಬೀಗದಕೈ ಟೈಲರಮ್ಮನ ಕೈಗೇ ಹಾಕಿದಳು. "ಇಟ್ಕೊಳ್ಳಿ. ನೀವು ಕರೀದೆ ನಾನು ಒಳಗೆ ಬರೋಳಲ್ಲ."

ಟೈಲರಮ್ಮ ಕೆಳಗೆ ಬಂದು ನೆಲದ ಮೇಲೆ ಕೂತಳು. ಈಗ ಈ ಮನೆಯಲ್ಲಿರುವವಳು ತಾನೇ.

ಮೆಟ್ಟಿಲ ಮೇಲೆ ಪಟಪಟ ಚಪ್ಪಲಿ ಸದ್ದು. ಪುಟ್ಟಿ! ಹೊಸ ಆಂಟಿಯನ್ನು ನೋಡಲು ಬರುತ್ತಿದ್ದಾಳೆ. ಬಾಗಿಲು ತೆರೆದೇ ಇದೆ. ಕರೆಯಬೇಕು. ಕರೆದರೆ ಮಗು ಉಳಿಯುತ್ತದೆ. ಕರೆಯಲು ದನಿಯಿಲ್ಲ. ಬಾಗಿಲು ಹಾಕಲು ಎದ್ದಳು. ಓಡಿದಳು. ಚಿಲಕಕ್ಕೆ ಕೈ ತಗುಲಿತು.

ಆ ಕೈ ಒಂದು ಕ್ಷಣ ನಿಂತಿತು. ಮಗಳು ತನ್ನ ಹತ್ತಿರ ಓಡಿ ಬರುತ್ತಿದ್ದಳು, ಮೇಲಿನವಳ ಹತ್ತಿರ ಅಲ್ಲ. ಒಂದೇ ಕ್ಷಣ ಟೈಲರಮ್ಮನಿಗೆ ಸುಖವಾಯಿತು.

ಪುಟ್ಟ ಕಾಲು ಹೊಸ್ತಿಲು ದಾಟಿತು.

ಪುಟ್ಟಿ ಏನೋ ಹೇಳಲು ಬಾಯಿ ತೆರೆದಳು. ಸದ್ದು ಬರಲಿಲ್ಲ. ಟೈಲರಮ್ಮನ ಗಂಟಲಲ್ಲಿ ಏನೋ ಮಿಸುಕಿತು, ಮೇಲೇರಿತು, ಅವಳ ತುಟಿ ತಾನಾಗಿ ತೆರೆಯಿತು. ಐದು ವರ್ಷದ ಮಗುವಿನ ದನಿ ಹೊರಬಂತು.

"ಅಮ್ಮಾ..."